ಅಕ್ಕನಿಗೆ ಮಾತ್ರೆ, ತಮ್ಮನಿಗೆ ಇಂಜೆಕ್ಷನ್: ವಾಂತಿ ಔಷಧದ ಒಂದು ಪ್ರಕರಣ

ಅಕ್ಕನಿಗೆ ನಾಲ್ಕೂವರೆ ವರ್ಷ, ತೂಕ 17 ಕೆ.ಜಿ. ತಮ್ಮನಿಗೆ 14 ತಿಂಗಳು, ತೂಕ 9 ಕೆ.ಜಿ. ಇಬ್ಬರಿಗೂ ವಾಂತಿ. ತಮ್ಮನಿಗೆ ಹಿಂದಿನ ದಿನ ಬೆಳಗ್ಗೆ ಶುರುವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ನೀರಾದ ಭೇದಿಯೂ ಸೇರಿಕೊಂಡಿತ್ತು. ಅಕ್ಕನಿಗೆ ಮಧ್ಯರಾತ್ರಿ ಹಿಡಿದುಕೊಂಡಿತು. ಬೆಳಗಿನ ಜಾವ ತಾಯಿ ಇಬ್ಬರನ್ನೂ ಕರೆದುಕೊಂಡು ತುರ್ತು ಘಟಕಕ್ಕೆ ಬಂದಾಗ ಕೇಳಿದ್ದು ಒಂದೇ ಮಾತು: “ಇಬ್ಬರಿಗೂ ಒಂದೊಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ. ವಾಂತಿ ನಿಂತರೆ ಸಾಕು.”

ಎರಡು ಗಂಟೆ ಕಳೆಯುವಷ್ಟರಲ್ಲಿ ತಮ್ಮನಿಗೆ ರಕ್ತನಾಳದ ಮೂಲಕ ಔಷಧ ಹೋಗಿತ್ತು. ಅಕ್ಕನಿಗೆ ನಾಲಿಗೆ ಮೇಲೆ ಕರಗುವ ಒಂದು ಮಾತ್ರೆ, ಅಷ್ಟೇ. ಇಬ್ಬರಿಗೂ ಕೊಟ್ಟ ಔಷಧ ಒಂದೇ, ಒಂಡಾನ್‌ಸೆಟ್ರಾನ್. ಕೊಟ್ಟ ರೂಪ ಮಾತ್ರ ಬೇರೆ. ಯಾಕೆ ಬೇರೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಈ ಅಕ್ಕ ತಮ್ಮ ಯಾವುದೋ ಒಂದು ಮನೆಯ ನಿಜವಾದ ಮಕ್ಕಳಲ್ಲ. ತುರ್ತು ಘಟಕದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಪ್ರಕರಣ ಇದು. ಇಲ್ಲಿ ಬರುವ ಡೋಸಿನ ಲೆಕ್ಕ ಈ ಮಕ್ಕಳ ತೂಕಕ್ಕೆ ಮಾತ್ರ. ಇದನ್ನು ಓದಿ ಮನೆಯಲ್ಲಿ ಅಳತೆ ಹಾಕಬಾರದು.

ಔಷಧಕ್ಕೆ ಮುಂಚೆ

ವಾಂತಿ ಕಾಯಿಲೆಯ ಹೆಸರಲ್ಲ, ಲಕ್ಷಣ. ಹೊಟ್ಟೆಯ ಸೋಂಕಿನಿಂದ ಬರಬಹುದು. ಕರುಳು ಒಂದರೊಳಗೊಂದು ಸಿಕ್ಕಿಕೊಂಡು ಬರಬಹುದು. ಅಪೆಂಡಿಕ್ಸ್, ಮೂತ್ರದ ಸೋಂಕು, ಮೆದುಳಿನಲ್ಲಿ ಒತ್ತಡ, ತಲೆಗೆ ಬಿದ್ದ ಪೆಟ್ಟು, ನುಂಗಿದ ವಿಷ, ಮೊದಲ ಸಲ ತಲೆ ಎತ್ತುವ ಸಕ್ಕರೆ ಕಾಯಿಲೆ, ಇವೆಲ್ಲವೂ ವಾಂತಿಯಾಗಿಯೇ ಬಾಗಿಲಿಗೆ ಬರುತ್ತವೆ. ವಾಂತಿ ನಿಲ್ಲಿಸುವ ಔಷಧ ಇವುಗಳಲ್ಲಿ ಒಂದನ್ನೂ ವಾಸಿ ಮಾಡುವುದಿಲ್ಲ. ಮುಚ್ಚಿಡಬಹುದು, ಅದೇ ಭಯ.

ಹಾಗಾಗಿ ಮೊದಲು ಕೇಳಿದ್ದು ವಾಂತಿಯ ಬಣ್ಣ. ಹಸಿರು ಇತ್ತಾ? ರಕ್ತ ಇತ್ತಾ? ಎರಡೂ ಇಲ್ಲ ಅಂದರು ತಾಯಿ. ಹಸಿರು ವಾಂತಿ ಅಂದರೆ ಕರುಳು ಎಲ್ಲೋ ಕಟ್ಟಿಕೊಂಡಿರಬಹುದು. ಆಗ ಮಾತ್ರೆಯ ಮಾತಿಲ್ಲ, ಮಗುವನ್ನು ಶಸ್ತ್ರಚಿಕಿತ್ಸಕರು ನೋಡಬೇಕು. ಇಬ್ಬರ ಹೊಟ್ಟೆಯೂ ಮೆತ್ತಗಿತ್ತು, ಉಬ್ಬಿರಲಿಲ್ಲ, ಒತ್ತಿದರೆ ನೋವಿನಿಂದ ಚೀರಲಿಲ್ಲ. ತಲೆನೋವಿಲ್ಲ, ಕುತ್ತಿಗೆ ಬಿಗಿದಿಲ್ಲ, ಬಿದ್ದು ಪೆಟ್ಟಾಗಿಲ್ಲ. ಒಬ್ಬರ ಹಿಂದೆ ಒಬ್ಬರಿಗೆ ಬಂದಿದೆ, ತಮ್ಮನಿಗೆ ಭೇದಿಯೂ ಇದೆ. ಹೊಟ್ಟೆಯ ಸೋಂಕು ಅನ್ನುವುದಕ್ಕೆ ಎಲ್ಲವೂ ಹೊಂದುತ್ತಿತ್ತು. ಅಕ್ಕನಿಗೆ ಇನ್ನೂ ಭೇದಿ ಶುರುವಾಗಿರಲಿಲ್ಲ, ಬರೀ ವಾಂತಿ. ಅದಕ್ಕೇ ಅವಳಿಗೆ ಮೂತ್ರ ಪರೀಕ್ಷೆಯನ್ನೂ ಬರೆದೆವು. ಭೇದಿ ಇಲ್ಲದ ವಾಂತಿಯನ್ನು “ಹೊಟ್ಟೆ ಕೆಟ್ಟಿದೆ” ಎಂದು ಸುಮ್ನೆ ಒಪ್ಪಿಕೊಳ್ಳುವುದು ನನಗೆ ಯಾವತ್ತೂ ಹಿಡಿಸುವುದಿಲ್ಲ.

ಆಮೇಲೆ, ಮೈಯಲ್ಲಿ ನೀರು ಎಷ್ಟು ಕಡಿಮೆಯಾಗಿದೆ ಅನ್ನುವ ಪ್ರಶ್ನೆ. ಇದಕ್ಕೆ ಕೆನಡಾದಲ್ಲಿ ರೂಪುಗೊಂಡ ಒಂದು ಸರಳ ಅಂಕಪಟ್ಟಿ ಇದೆ. ನೋಡಬೇಕಾದದ್ದು ನಾಲ್ಕೇ ವಿಷಯ: ಮಗುವಿನ ಒಟ್ಟು ಚೈತನ್ಯ, ಕಣ್ಣು, ಬಾಯಿ, ಕಣ್ಣೀರು. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟು ಸೊನ್ನೆ ಬಂದರೆ ನೀರಿನ ಕೊರತೆ ಇಲ್ಲ, 1ರಿಂದ 4 ಬಂದರೆ ಸ್ವಲ್ಪ ಇದೆ, 5ರಿಂದ 8 ಬಂದರೆ ಜಾಸ್ತಿ ಇದೆ. ಅಕ್ಕನಿಗೆ 2 ಬಂತು. ಬಾಯಿ ಅಂಟಂಟಾಗಿತ್ತು, ತುಂಬಾ ಬಾಯಾರಿಕೆ, ಅತ್ತಾಗ ಕಣ್ಣೀರು ಚೆನ್ನಾಗಿಯೇ ಬರುತ್ತಿತ್ತು. ತಮ್ಮನಿಗೆ 4. ಮುಟ್ಟಿದರೆ ಸಿಡುಕು, ಕಣ್ಣು ಸ್ವಲ್ಪ ಒಳಗೆ ಹೋಗಿತ್ತು, ಬಾಯಿ ಅಂಟು, ಕಣ್ಣೀರು ಕಡಿಮೆ. ಪಟ್ಟಿಯ ಪ್ರಕಾರ ಇಬ್ಬರೂ ಒಂದೇ ಗುಂಪು. ಆದರೆ 2ಕ್ಕೂ 4ಕ್ಕೂ ವ್ಯತ್ಯಾಸ ಇದೆ ಅಲ್ವಾ? 4 ಅಂದರೆ ಮುಂದಿನ ಗುಂಪಿನ ಹೊಸ್ತಿಲು. ಅವನ ಮಂಚವನ್ನು ನರ್ಸುಗಳ ಮೇಜಿಗೆ ಎದುರಾಗಿಯೇ ಹಾಕಿಸಿದೆವು.

ಬೆರಳು ಚುಚ್ಚಿ ಇಬ್ಬರ ಸಕ್ಕರೆಯನ್ನೂ ನೋಡಿದೆವು. ಅಕ್ಕನದು 81, ತಮ್ಮನದು 66 ಮಿಲಿಗ್ರಾಂ. ಗಾಬರಿಯಾಗುವ ಅಂಕಿ ಎರಡೂ ಅಲ್ಲ.

ಈ ಔಷಧ ಮಾಡುವ ಕೆಲಸ

ಕರುಳಿನ ಒಳಪದರದಲ್ಲಿ ಕೆಲವು ವಿಶೇಷ ಜೀವಕೋಶಗಳಿವೆ. ಸೋಂಕು ತಗುಲಿದಾಗ ಅವು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಅದು ಪಕ್ಕದ ನರದ ತುದಿಗಳನ್ನು ಕೆರಳಿಸುತ್ತದೆ. ವೇಗಸ್ ನರದ ಮೂಲಕ ಸುದ್ದಿ ಮೆದುಳಿಗೆ ಮುಟ್ಟುತ್ತದೆ, ಮೆದುಳು ವಾಂತಿ ಮಾಡಿಸುತ್ತದೆ. ಒಂಡಾನ್‌ಸೆಟ್ರಾನ್ ಆ ನರದ ತುದಿಯಲ್ಲೂ ಮೆದುಳಿನಲ್ಲೂ ಸೆರೊಟೋನಿನ್ ಕೂರುವ ಜಾಗವನ್ನು ಹಿಡಿದುಬಿಡುತ್ತದೆ. ಮೊದಲು ಇದು ಬಂದದ್ದು ಕ್ಯಾನ್ಸರ್ ಔಷಧಗಳಿಂದ ಬರುವ ವಾಂತಿಗೆ. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1991ರಲ್ಲಿ. ಹಳೆಯ ಹಲವು ವಾಂತಿ ಔಷಧಗಳಂತೆ ಮಗುವನ್ನು ಮಂಪರಿಗೆ ತಳ್ಳುವುದಿಲ್ಲ. ತುರ್ತು ಘಟಕದಲ್ಲಿ ಇದು ದೊಡ್ಡ ಗುಣ. ಮಗು ತೂಗಡಿಸುತ್ತಿದ್ದರೆ ಅದು ಔಷಧದಿಂದಲೋ, ಕಾಯಿಲೆ ಏರಿದ್ದರಿಂದಲೋ ಅನ್ನುವ ಗೊಂದಲ ಇರುವುದಿಲ್ಲ.

ಆದರೆ ಇದು ಸೋಂಕನ್ನು ಕೊಲ್ಲುವುದಿಲ್ಲ, ಕಳೆದುಹೋದ ನೀರನ್ನು ತುಂಬುವುದೂ ಇಲ್ಲ. ಮಗುವಿಗೆ ನಿಜವಾದ ಚಿಕಿತ್ಸೆ ಓಆರ್‌ಎಸ್. ಆ ಓಆರ್‌ಎಸ್ ಹೊಟ್ಟೆಯಲ್ಲಿ ಉಳಿಯುವಂತೆ ಒಂದೆರಡು ಗಂಟೆ ಬಿಡುವು ಮಾಡಿಕೊಡುವುದಷ್ಟೇ ಒಂಡಾನ್‌ಸೆಟ್ರಾನಿನ ಕೆಲಸ. ಯಾವ ರೂಪದಲ್ಲಿ ಕೊಡಬೇಕು ಅನ್ನುವ ನಮ್ಮ ತೀರ್ಮಾನವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ: ಈ ಮಗು ಬಾಯಲ್ಲಿ ಕುಡಿಯುವ ಹಂತಕ್ಕೆ ಯಾವ ದಾರಿಯಲ್ಲಿ ಬೇಗ ಬರುತ್ತದೆ?

ಅಕ್ಕನ ಮಾತ್ರೆ

ನಾಲಿಗೆ ಮೇಲೆ ಕರಗುವ ಮಾತ್ರೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ವೈದ್ಯರಲ್ಲೂ ಇದೆ. ನಾಲಿಗೆಯಿಂದಲೇ ರಕ್ತಕ್ಕೆ ಸೇರಿಬಿಡುತ್ತದೆ, ಅದಕ್ಕೇ ಬೇಗ ಕೆಲಸ ಮಾಡುತ್ತದೆ ಅಂತ. ಹಾಗಲ್ಲ. ಮಾತ್ರೆ ನಾಲಿಗೆ ಮೇಲೆ ಪುಡಿಯಾಗುತ್ತದೆ, ಎಂಜಲಲ್ಲಿ ಸೇರುತ್ತದೆ, ಮಗು ಆ ಎಂಜಲನ್ನು ನುಂಗುತ್ತದೆ. ರಕ್ತಕ್ಕೆ ಸೇರುವುದು ಕರುಳಿನಿಂದಲೇ, ಮಾಮೂಲಿ ಮಾತ್ರೆಯ ಹಾಗೆಯೇ. ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಹಾಗಿದ್ದರೆ ಲಾಭ ಏನು? ನೀರು ಬೇಡ. ವಾಕರಿಸುತ್ತಿರುವ ಮಗುವಿಗೆ ಒಂದು ಗುಟುಕು ನೀರೂ ಹೊಟ್ಟೆಗೆ ಭಾರ. ಗಟ್ಟಿ ಮಾತ್ರೆಯನ್ನು ನುಂಗು ಅಂದರೆ ನಾಲ್ಕು ವರ್ಷದ ಮಗುವಿಗೆ ಬರುವುದಿಲ್ಲ. ಸಿಹಿ ಸಿರಪ್ ಬಾಯಿಗೆ ತಾಗಿದ ಕೂಡಲೇ ಉಮ್ಮಳಿಸುವ ಮಕ್ಕಳಿದ್ದಾರೆ. ಕರಗುವ ಮಾತ್ರೆಗೆ ಅದ್ಯಾವ ತಾಪತ್ರಯವೂ ಇಲ್ಲ. ನಾಲಿಗೆ ಮೇಲೆ ಇಟ್ಟರೆ ಕೆಲವೇ ಸೆಕೆಂಡಿನಲ್ಲಿ ಕರಗಿ ಹೋಗುತ್ತದೆ. ಉಗಿಯೋಣ ಅಂದರೂ ಬಾಯಲ್ಲಿ ಏನೂ ಉಳಿದಿರುವುದಿಲ್ಲ.

ಮಾತ್ರೆ ಕೊಟ್ಟ ಸಿಸ್ಟರ್ ಬಹಳ ವರ್ಷದ ಅನುಭವದವರು. ಕೈ ಒಣಗಿದೆಯೇ ಎಂದು ಮೊದಲು ನೋಡಿಕೊಂಡರು. ಒದ್ದೆ ಬೆರಳು ತಾಗಿದರೆ ಮಾತ್ರೆ ಅಲ್ಲೇ ಕರಗಲು ಶುರುವಾಗುತ್ತದೆ. ಹಾಳೆಯನ್ನು ಹಿಂದಿನಿಂದ ಒತ್ತಿ ಮಾತ್ರೆಯನ್ನು ಹೊರಗೆ ನೂಕಲಿಲ್ಲ, ಸಿಪ್ಪೆ ಸುಲಿದ ಹಾಗೆ ಸುಲಿದರು. ಒತ್ತಿದರೆ ಪುಡಿಯಾಗಿ ಅರ್ಧ ಔಷಧ ನೆಲಕ್ಕೆ ಹೋಗುತ್ತದೆ. ಕೊಡುವ ಮುಂಚೆ ತಾಯಿಯನ್ನು ಒಂದು ಪ್ರಶ್ನೆ ಕೇಳಿದರು: “ಫಿನೈಲ್‌ಕೀಟೋನ್ಯೂರಿಯ ಅಂತ ಹುಟ್ಟಿನಿಂದ ಬರುವ ಕಾಯಿಲೆ ಇದೆಯಾ ಅಮ್ಮ?” ಇಂಥ ಕೆಲವು ಮಾತ್ರೆಗಳಲ್ಲಿ ಆಸ್ಪರ್ಟೇಮ್ ಎಂಬ ಸಿಹಿಕಾರಕ ಇರುತ್ತದೆ, ಆ ಕಾಯಿಲೆಯ ಮಕ್ಕಳಿಗೆ ಅದು ಆಗುವುದಿಲ್ಲ. ಅಪರೂಪದ ಕಾಯಿಲೆ, ನಿಜ. ಕೇಳಲು ಹತ್ತು ಸೆಕೆಂಡು ಸಾಕು.

ಈಗ ಡೋಸ್. ಅಕ್ಕನಿಗೆ ಕೊಟ್ಟಿದ್ದು 4 ಮಿಲಿಗ್ರಾಂ. 15ರಿಂದ 30 ಕೆ.ಜಿ. ತೂಕದ ಮಕ್ಕಳಿಗೆ ಒಂದು ಸಲಕ್ಕೆ ಇಷ್ಟು ಅನ್ನುವ ಪದ್ಧತಿ ಇದೆ. 8ರಿಂದ 15 ಕೆ.ಜಿ.ಗೆ 2, 30 ದಾಟಿದರೆ 8. ಅವಳಿಗೇ ಇಂಜೆಕ್ಷನ್ ಕೊಟ್ಟಿದ್ದರೆ ಕೆ.ಜಿ.ಗೆ 0.15 ಮಿಲಿಗ್ರಾಂ ಲೆಕ್ಕದಲ್ಲಿ 2.55 ಮಿಲಿಗ್ರಾಂ ಆಗುತ್ತಿತ್ತು. ಮಾತ್ರೆಯಲ್ಲಿ ಜಾಸ್ತಿ ಕೊಟ್ಟ ಹಾಗಾಯಿತಲ್ಲ ಅನ್ನಿಸಬಹುದು. ಆದರೆ ಬಾಯಿಂದ ಹೋದ ಔಷಧದಲ್ಲಿ ಒಂದು ಪಾಲನ್ನು ಪಿತ್ತಜನಕಾಂಗ ಮೊದಲ ಸುತ್ತಿನಲ್ಲೇ ಒಡೆದುಹಾಕುತ್ತದೆ. ಮೈಗೆಲ್ಲ ಹರಿದಾಡುವ ರಕ್ತಕ್ಕೆ ಸೇರುವುದು ಹೆಚ್ಚುಕಡಿಮೆ ನೂರಕ್ಕೆ 60. 4 ಮಿಲಿಗ್ರಾಂನಲ್ಲಿ ನೂರಕ್ಕೆ 60 ಅಂದರೆ 2.4. ಇಂಜೆಕ್ಷನ್ನಿನ 2.55ಕ್ಕೆ ಪಕ್ಕದಲ್ಲೇ ಇದೆ. ಅಕ್ಕನ ಮೈಯೊಳಗೆ ಹೋದ ಔಷಧ, ಸೂಜಿಯಲ್ಲಿ ಕೊಟ್ಟರೆ ಹೋಗುತ್ತಿದ್ದಷ್ಟೇ. ಮಾತ್ರೆ ಅಂದರೆ ದುರ್ಬಲ ಅನ್ನುವ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಡೋಸನ್ನು ಇನ್ನೂ ಏರಿಸಿದರೆ ವಾಂತಿ ಇನ್ನೂ ಚೆನ್ನಾಗಿ ನಿಲ್ಲುತ್ತದೆ ಅನ್ನುವುದಕ್ಕೂ ಆಧಾರವಿಲ್ಲ.

ಈ ಮಾತ್ರೆಯ ಬಗ್ಗೆ ನಮಗಿರುವ ವಿಶ್ವಾಸದ ದೊಡ್ಡ ಪಾಲು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ಬಂದದ್ದು. ಅಮೆರಿಕದ ಷಿಕಾಗೊದ ಮಕ್ಕಳ ತುರ್ತು ಘಟಕದಲ್ಲಿ 215 ಮಕ್ಕಳು, 6 ತಿಂಗಳಿಂದ 10 ವರ್ಷದವರೆಗಿನವರು. ಅರ್ಧ ಮಕ್ಕಳಿಗೆ ಕರಗುವ ಒಂಡಾನ್‌ಸೆಟ್ರಾನ್ ಮಾತ್ರೆ, ಉಳಿದವರಿಗೆ ಅದೇ ರೀತಿ ಕಾಣುವ, ಔಷಧವಿಲ್ಲದ ಮಾತ್ರೆ. ಓಆರ್‌ಎಸ್ ಕುಡಿಯುವಾಗ ವಾಂತಿ ಮಾಡಿದವರು ಔಷಧ ತೆಗೆದುಕೊಂಡವರಲ್ಲಿ ನೂರಕ್ಕೆ 14, ಇನ್ನೊಂದು ಗುಂಪಿನಲ್ಲಿ ನೂರಕ್ಕೆ 35. ಡ್ರಿಪ್ ಬೇಕಾದವರು 14 ಮತ್ತು 31. ನನಗೆ ಇವೆರಡಕ್ಕಿಂತ ಮುಖ್ಯ ಅನ್ನಿಸುವ ಅಂಕಿ ಇನ್ನೊಂದಿದೆ. ಔಷಧ ಪಡೆದ ಮಕ್ಕಳು ಸರಾಸರಿ 239 ಮಿ.ಲೀ. ಕುಡಿದರು, ಪಡೆಯದವರು 196. ಹೆಚ್ಚು ಕುಡಿದರು, ಅದೇ ಗೆಲುವು. ಆಸ್ಪತ್ರೆಗೆ ದಾಖಲಾದವರ ಪ್ರಮಾಣದಲ್ಲಿ ಮಾತ್ರ ಎರಡು ಗುಂಪಿಗೂ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಮರೆಯಬಾರದು.

ಮಾತ್ರೆ ಕೊಟ್ಟು 15 ನಿಮಿಷ ಏನೂ ಕೊಡಲಿಲ್ಲ. ಆ 15 ನಿಮಿಷ ತಾಯಿಗೆ ಕಷ್ಟವಾಯಿತು. ಮಗು ನೀರು ನೀರು ಅಂತ ಅಳುತ್ತಿದ್ದಳು. ಆಮೇಲೆ ಸಿರಿಂಜಿನಲ್ಲಿ 5 ಮಿ.ಲೀ. ಓಆರ್‌ಎಸ್, ಎರಡು ನಿಮಿಷಕ್ಕೊಮ್ಮೆ. ಲೆಕ್ಕ ಹಾಕಿದರೆ ಗಂಟೆಗೆ 150 ಮಿ.ಲೀ. ಒಂದೇ ಸಲ ಲೋಟ ಕೊಟ್ಟರೆ ಗಟಗಟ ಕುಡಿದು ಎಲ್ಲವನ್ನೂ ಹೊರಗೆ ಹಾಕುತ್ತಾಳೆ. ಔಷಧ ಕೊಟ್ಟಿದ್ದೇವೆ ಅಂತ ಈ ನಿಧಾನವನ್ನು ಬಿಟ್ಟುಬಿಡುವ ಹಾಗಿಲ್ಲ.

ತಮ್ಮನ ಸಿರಪ್

ತಮ್ಮನಿಗೂ ಮೊದಲು ಬಾಯಲ್ಲೇ ಕೊಡಲು ನೋಡಿದೆವು. 9 ಕೆ.ಜಿ.ಗೆ 4 ಮಿಲಿಗ್ರಾಂ ಮಾತ್ರೆ ಜಾಸ್ತಿಯಾಗುತ್ತದೆ. ಅರ್ಧ ಮಾಡೋಣ ಅಂದರೆ ಕರಗುವ ಮಾತ್ರೆ ಬಲು ಹಗುರ, ಮುರಿದರೆ ಪುಡಿಪುಡಿ. ಯಾವ ಅರ್ಧದಲ್ಲಿ ಎಷ್ಟಿದೆ ಅಂತ ಹೇಳಲಾಗದು. ಇಷ್ಟು ಚಿಕ್ಕ ಮಗುವಿಗೆ ಅಳೆದು ಕೊಡಲು ಸಿರಪ್ಪೇ ಸರಿ.

ಸಿರಪ್ಪಿನಲ್ಲಿ ನಾನು ಯಾವಾಗಲೂ ಹೆದರುವ ಜಾಗ ಒಂದಿದೆ. ಒಂಡಾನ್‌ಸೆಟ್ರಾನ್ ಸಿರಪ್ ಎರಡು ಬಲದಲ್ಲಿ ಬರುತ್ತದೆ. ಒಂದರಲ್ಲಿ 5 ಮಿ.ಲೀ.ಗೆ 2 ಮಿಲಿಗ್ರಾಂ ಔಷಧ, ಇನ್ನೊಂದರಲ್ಲಿ 5 ಮಿ.ಲೀ.ಗೆ 4. ಸಿರಪ್ಪನ್ನು ತೂಕಕ್ಕೆ ತಕ್ಕ ಹಾಗೆ ಅಳೆಯಬಹುದು, ಹಾಗಾಗಿ ತಮ್ಮನಿಗೆ 2 ಮಿಲಿಗ್ರಾಂ ಬದಲು ಕೆ.ಜಿ.ಗೆ 0.15 ಲೆಕ್ಕ ಹಿಡಿದೆವು, ಅಂದರೆ 1.35 ಮಿಲಿಗ್ರಾಂ. ಮೊದಲ ಬಾಟಲಿಯಾದರೆ 3.4 ಮಿ.ಲೀ., ಎರಡನೆಯದಾದರೆ 1.7 ಮಿ.ಲೀ. ಚೀಟಿಯಲ್ಲಿ ಬರೀ “3.4 ಮಿ.ಲೀ.” ಅಂತ ಬರೆದು, ಕೈಗೆ ಸಿಕ್ಕಿದ್ದು ಎರಡನೇ ಬಾಟಲಿಯಾದರೆ? ಎರಡು ಪಟ್ಟು ಡೋಸ್. ಅದಕ್ಕೇ ಚೀಟಿಯಲ್ಲಿ ಮಿಲಿಗ್ರಾಂ ಬರೆಯಬೇಕು, ಬಾಟಲಿಯ ಬಲ ಬರೆಯಬೇಕು, ಆಮೇಲೆ ಮಿ.ಲೀ. ಬರೆಯಬೇಕು. ಮೂರೂ ಇರಬೇಕು. ಚಮಚದಲ್ಲಿ ಅಳೆಯಬಾರದು, ಬಾಯಿಗೆ ಹಾಕುವ ಸಿರಿಂಜಿನಲ್ಲೇ ಅಳೆಯಬೇಕು. ಸೂಜಿ ಹಾಕುವ ಸಿರಿಂಜನ್ನು ಇದಕ್ಕೆ ಬಳಸಬಾರದು. ಗಡಿಬಿಡಿಯಲ್ಲಿ ಸಿರಪ್ ರಕ್ತನಾಳಕ್ಕೆ ಹೋಗುವ ಅಪಾಯ ತಪ್ಪುವುದು ಹೀಗೆ.

ಸಿಸ್ಟರ್ ಅವನನ್ನು ತಾಯಿಯ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ಸ್ವಲ್ಪ ಉಗಿದ. ಉಳಿದದ್ದು ಒಳಗೆ ಹೋಯಿತು. ಆರು ನಿಮಿಷಕ್ಕೆ ಪೂರ್ತಿ ವಾಂತಿ.

ಈಗ ಏನು ಮಾಡಬೇಕು? ಔಷಧ ಕೊಟ್ಟ 15 ನಿಮಿಷದೊಳಗೆ ವಾಂತಿಯಾದರೆ ಇನ್ನೊಂದು ಸಲ ಕೊಡುವುದು ರೂಢಿ. ಅದಕ್ಕಿಂತ ತಡವಾಗಿ ಆದರೆ ಒಂದಷ್ಟು ಒಳಗೆ ಸೇರಿರುತ್ತದೆ, ಕಾದು ನೋಡಬೇಕು. ಲೆಕ್ಕದ ಪ್ರಕಾರ ಮತ್ತೆ ಸಿರಪ್ ಕೊಡಬಹುದಿತ್ತು. ಆದರೆ ಮಗುವಿನ ಚಹರೆ ಬದಲಾಗಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಮುಟ್ಟಿದರೆ ಸಿಡುಕುತ್ತಿದ್ದವನು ಈಗ ತಾಯಿಯ ಹೆಗಲಿಗೆ ಜೋತುಬಿದ್ದಿದ್ದ. ನೀರಾದ ಭೇದಿ ಇನ್ನೊಂದು ಸಲ ಆಯಿತು. ಅಂಕ ಮತ್ತೆ ಹಾಕಿದೆವು: 6. ಸಕ್ಕರೆ ಮತ್ತೆ ನೋಡಿದೆವು: 42. ಸಿರಪ್ಪಿನ ಚರ್ಚೆ ಅಲ್ಲಿಗೆ ಮುಗಿಯಿತು.

ಇಂಜೆಕ್ಷನ್

ತಮ್ಮನಿಗೆ ರಕ್ತನಾಳದಲ್ಲಿ ಕ್ಯಾನುಲಾ ಎಂಬ ತೆಳು ನಳಿಕೆ ಹಾಕಿದ್ದು ವಾಂತಿ ಔಷಧಕ್ಕಾಗಿ ಅಲ್ಲ. ಸಕ್ಕರೆಗಾಗಿ ಮತ್ತು ನೀರಿಗಾಗಿ. ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ. ಔಷಧ ಇಂಜೆಕ್ಷನ್ನಿನಲ್ಲಿ ಹೋದದ್ದು ದಾರಿ ಹೇಗೂ ತೆರೆದಿತ್ತು ಅಂತ.

ನೀರು ಬತ್ತಿದ ಮಗುವಿನ ರಕ್ತನಾಳ ಹುಡುಕುವುದು ಸುಲಭವಲ್ಲ. ನಾಳಗಳು ಚಪ್ಪಟೆಯಾಗಿರುತ್ತವೆ, ಕೈ ದುಂಡಗಿರುತ್ತದೆ. ಮೊದಲ ಸಲ ಸಿಗಲಿಲ್ಲ, ಎರಡನೇ ಸಲ ಇನ್ನೊಂದು ಕೈಯಲ್ಲಿ ಸಿಕ್ಕಿತು. ಇಂಜೆಕ್ಷನ್ ಬೇಗ ಕೆಲಸ ಮಾಡುತ್ತದೆ ಅನ್ನುವಾಗ ನಾವು ಈ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ರಕ್ತಕ್ಕೆ ಹೋದ ಮೇಲೆ ಕೆಲವೇ ನಿಮಿಷದಲ್ಲಿ ಪರಿಣಾಮ ಶುರು, ಅದು ನಿಜ. ಬಾಯಿಂದ ಕೊಟ್ಟರೆ ಸುಮಾರು ಅರ್ಧ ಗಂಟೆ. ಆದರೆ ಗಡಿಯಾರ ಓಡಲು ಶುರುವಾಗುವುದು ಸೂಜಿ ಒಳಗೆ ಹೋದಾಗ ಅಲ್ಲ, ತೀರ್ಮಾನ ಮಾಡಿದಾಗ. ಕ್ಯಾನುಲಾ ತಯಾರಿ, ಹುಡುಕಾಟ, ಮಗುವನ್ನು ಹಿಡಿದುಕೊಳ್ಳಲು ಇಬ್ಬರು, ಅಂಟಿಸುವ ಕೆಲಸ. ಅಷ್ಟರಲ್ಲಿ ಅಕ್ಕನ ಮಾತ್ರೆ ಕೆಲಸ ಶುರುಮಾಡಿ ಅವಳು ಓಆರ್‌ಎಸ್ ಹೀರುತ್ತಿದ್ದಳು.

ಮೊದಲು ಹೋದದ್ದು ನೂರಕ್ಕೆ 10ರ ಬಲದ ಸಕ್ಕರೆ ದ್ರಾವಣವಾದ ಡೆಕ್ಸ್‌ಟ್ರೋಸ್, ಕೆ.ಜಿ.ಗೆ 5 ಮಿ.ಲೀ. ಲೆಕ್ಕದಲ್ಲಿ 45 ಮಿ.ಲೀ. ನಂತರ ಸಲೈನ್, ಕೆ.ಜಿ.ಗೆ 20 ಮಿ.ಲೀ. ಲೆಕ್ಕದಲ್ಲಿ 180 ಮಿ.ಲೀ. ಕ್ಯಾನುಲಾ ಹಾಕುವಾಗಲೇ ತೆಗೆದ ರಕ್ತದ ವರದಿ ಅಷ್ಟರಲ್ಲಿ ಬಂತು. ಪೊಟ್ಯಾಸಿಯಂ 3.1, ಕಡಿಮೆ.

ಇಲ್ಲಿ ಕಿರಿಯ ವೈದ್ಯೆ ಕೈ ತಡೆದರು. ಔಷಧ ಸಿರಿಂಜಿನಲ್ಲಿ ತಯಾರಾಗಿತ್ತು. “ಮೊದಲು ಒಂದು ಇಸಿಜಿ ನೋಡೋಣ ಸರ್” ಅಂದರು. ಸರಿಯಾದ ಮಾತು. ಒಂಡಾನ್‌ಸೆಟ್ರಾನ್ ಹೃದಯದ ವಿದ್ಯುತ್ ಚಲನೆಯಲ್ಲಿ ಕ್ಯೂಟಿ ಎನ್ನುವ ಅವಧಿಯನ್ನು ಉದ್ದ ಮಾಡಬಲ್ಲದು. ಅದು ತೀರಾ ಉದ್ದವಾದರೆ ಹೃದಯದ ಬಡಿತ ಅಪಾಯಕಾರಿಯಾಗಿ ದಾರಿ ತಪ್ಪಬಹುದು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ದೊಡ್ಡವರಿಗೆ ಒಂದೇ ಸಲ ರಕ್ತನಾಳಕ್ಕೆ ಕೊಡುತ್ತಿದ್ದ 32 ಮಿಲಿಗ್ರಾಂ ಡೋಸನ್ನು ಕೈಬಿಡಿಸಿದ್ದು ಇದೇ ಕಾರಣಕ್ಕೆ. ಮಕ್ಕಳಿಗೆ ಕೊಡುವ ಡೋಸ್ ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಬಾಯಿಂದ ಒಂದೇ ಒಂದು ಡೋಸ್ ಪಡೆಯುವ ಆರೋಗ್ಯವಂತ ಮಗುವಿಗೆ ಇಸಿಜಿ ಬೇಕಿಲ್ಲ, ಅಕ್ಕನಿಗೆ ಮಾಡಲೂ ಇಲ್ಲ. ತಮ್ಮನ ವಿಷಯ ಬೇರೆ. ಪೊಟ್ಯಾಸಿಯಂ ಕಡಿಮೆ, ಮೇಲಾಗಿ ಔಷಧ ನೇರ ರಕ್ತಕ್ಕೆ ಹೋಗುತ್ತಿದೆ. ಕ್ಯೂಟಿಯನ್ನು ಉದ್ದ ಮಾಡುವ ಕಾರಣಗಳು ಒಂದರ ಮೇಲೊಂದು ಸೇರುವ ಸ್ಥಿತಿ ಇದು.

ತಾಯಿಯನ್ನು ಕೇಳಿದೆವು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ? ಮಗು ಯಾವಾಗಲಾದರೂ ಎಚ್ಚರ ತಪ್ಪಿ ಬಿದ್ದಿದ್ದಾನಾ? ಈ ವಾರ ಬೇರೆ ಔಷಧ ಏನಾದರೂ, ಅಜಿತ್ರೊಮೈಸಿನ್ ಥರದ ಆ್ಯಂಟಿಬಯೋಟಿಕ್ ಕೊಟ್ಟಿದ್ದೀರಾ? ಎಲ್ಲಕ್ಕೂ ಇಲ್ಲ ಅಂದರು. ಇಸಿಜಿಯಲ್ಲಿ ಕ್ಯೂಟಿ ಸರಿಯಾಗಿತ್ತು. ಆಮೇಲೆ 1.35 ಮಿಲಿಗ್ರಾಂ, ಅಂದರೆ ಮಿ.ಲೀ.ಗೆ 2 ಮಿಲಿಗ್ರಾಂ ಇರುವ ಬಾಟಲಿಯಿಂದ ಸುಮಾರು 0.68 ಮಿ.ಲೀ., ಸಲೈನಿನಲ್ಲಿ ತೆಳು ಮಾಡಿ ಐದು ನಿಮಿಷದಲ್ಲಿ ನಿಧಾನವಾಗಿ ಕೊಟ್ಟೆವು. ಮಾನಿಟರ್ ಹಾಕಿಯೇ ಇಟ್ಟಿದ್ದೆವು.

ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ ಬಗ್ಗೆ ಒಂದು ಮಾತು. ತಾಯಿ ಬಂದಾಗ ಕೇಳಿದ್ದು ಬಹುಶಃ ಅದನ್ನೇ: ಸೊಂಟಕ್ಕೆ ಒಂದು ಚುಚ್ಚಿ ಕಳಿಸಿಬಿಡಿ ಅಂತ. ಅದು ನೋವು ಕೊಡುತ್ತದೆ. ನೀರು ಬತ್ತಿದ ಮಗುವಿನ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಔಷಧ ಯಾವಾಗ ಎಷ್ಟು ಸೇರುತ್ತದೆ ಎಂಬ ಖಾತ್ರಿ ಇಲ್ಲ. ಡ್ರಿಪ್ ಕೊಡುವ ದಾರಿಯೂ ಅದರಿಂದ ಸಿಗುವುದಿಲ್ಲ. ವಾಂತಿ ಮಾಡುವ ಮಗುವಿಗೆ ಅದನ್ನು ಆರಿಸುವ ಕಾರಣ ನನಗೆ ಕಾಣುವುದಿಲ್ಲ.

ಬಳಸದೆ ಬಿಟ್ಟವು

ಡಾಂಪೆರಿಡೋನ್ ಎಂಬ ಇನ್ನೊಂದು ವಾಂತಿ ಔಷಧ ಯಾಕಿಲ್ಲ ಅಂತ ಕಿರಿಯ ವೈದ್ಯೆ ಕೇಳಿದರು. ಇಟಲಿಯ 15 ಆಸ್ಪತ್ರೆಗಳಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ, ವರದಿ ಬಂದದ್ದು 2016ರಲ್ಲಿ. 1ರಿಂದ 6 ವರ್ಷದ 356 ಮಕ್ಕಳು. ಎಲ್ಲರೂ ಓಆರ್‌ಎಸ್ ಕುಡಿಯಲು ಒಮ್ಮೆ ಪ್ರಯತ್ನಿಸಿ ಸೋತವರು. ಆಮೇಲೂ ಮೂಗಿನ ನಳಿಕೆಯೋ ಡ್ರಿಪ್ಪೋ ಬೇಕಾದವರು ಒಂಡಾನ್‌ಸೆಟ್ರಾನ್ ಸಿರಪ್ ಪಡೆದವರಲ್ಲಿ ನೂರಕ್ಕೆ 11.8, ಡಾಂಪೆರಿಡೋನ್ ಪಡೆದವರಲ್ಲಿ 25.2, ಔಷಧವೇ ಇಲ್ಲದ ಸಿರಪ್ ಪಡೆದವರಲ್ಲಿ 28.8. ಡಾಂಪೆರಿಡೋನಿಗೂ ಬರೀ ಸಿಹಿ ನೀರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಗುದದಲ್ಲಿ ಇಡುವ ಮಾತ್ರೆಗಳೂ ಇವೆ. ಕೆಲವು ದೇಶಗಳಲ್ಲಿ ಡೈಮೆನ್‌ಹೈಡ್ರಿನೇಟ್ ಈ ರೂಪದಲ್ಲಿ ಬಹಳ ಬಳಕೆಯಲ್ಲಿದೆ. ಬಾಯಲ್ಲಿ ಏನೂ ನಿಲ್ಲದ ಮಗುವಿಗೆ ಇದು ಜಾಣ ಉಪಾಯ ಅನ್ನಿಸುತ್ತದೆ. ಆದರೆ ತಮ್ಮನಂಥ ಭೇದಿಯ ಮಗುವಿನಲ್ಲಿ ಇಟ್ಟ ಮಾತ್ರೆ ಅರ್ಧ ಕರಗುವಷ್ಟರಲ್ಲಿ ಹೊರಗೆ ಬಂದಿರುತ್ತದೆ. ಎಷ್ಟು ಒಳಗೆ ಸೇರಿತು ಎಂದು ಯಾರೂ ಹೇಳಲಾರರು. ಆ ಔಷಧ ಮಂಪರನ್ನೂ ತರುತ್ತದೆ. ಪ್ರೊಮೆಥಜೀನ್ ಎರಡು ವರ್ಷದೊಳಗಿನ ಮಕ್ಕಳಲ್ಲಿ ಉಸಿರಾಟವನ್ನೇ ಕುಗ್ಗಿಸಬಹುದು, ಅವರಿಗೆ ಕೊಡಲೇಬಾರದು. ಮೆಟೊಕ್ಲೊಪ್ರಮೈಡ್ ಕೊಟ್ಟ ಮಕ್ಕಳಲ್ಲಿ ಕುತ್ತಿಗೆ ತಿರುಚಿ, ಕಣ್ಣು ಮೇಲಕ್ಕೆ ಹೋಗಿ, ಮನೆಯವರು ಫಿಟ್ಸ್ ಅಂದುಕೊಂಡು ಓಡಿ ಬರುವುದನ್ನು ತುರ್ತು ಘಟಕದವರು ನೋಡುತ್ತಲೇ ಇರುತ್ತಾರೆ.

ಮುಂದೆ ಆದದ್ದು

ತಮ್ಮನಿಗೆ ಔಷಧ ಕೊಡುವುದನ್ನು ತಾಯಿ ನೋಡಿದ್ದೇ ತಡ, ನಾನು ನಿರೀಕ್ಷಿಸಿದ್ದ ಪ್ರಶ್ನೆ ಬಂತು. “ಅವನಿಗೆ ಇಂಜೆಕ್ಷನ್ ಕೊಟ್ಟಿರಿ, ಇವಳಿಗೆ ಬರೀ ಮಾತ್ರೆ. ಇವಳಿಗೆ ಮತ್ತೆ ಜಾಸ್ತಿ ಆದರೆ?” ಕೇಳುವುದರಲ್ಲಿ ತಪ್ಪೇನಿಲ್ಲ. ಒಂದು ಮಗು ಕಣ್ಣೆದುರೇ ಕುಸಿದದ್ದನ್ನು ನೋಡಿದ್ದಾರೆ.

“ಇಬ್ಬರಿಗೂ ಔಷಧ ಒಂದೇ ಅಮ್ಮ” ಅಂದೆ. “ಇವನಿಗೆ ಸಕ್ಕರೆ ಇಳಿದಿತ್ತು, ಕುಡಿಯುವ ಶಕ್ತಿ ಇರಲಿಲ್ಲ. ಅದಕ್ಕೆ ಡ್ರಿಪ್ ಬೇಕಾಯಿತು, ಔಷಧವೂ ಅದರಲ್ಲೇ ಹೋಯಿತು. ಇವಳು ಕುಡಿಯುತ್ತಿದ್ದಾಳೆ ನೋಡಿ. ಕುಡಿಯುವ ಮಗುವಿಗೆ ಸೂಜಿ ಚುಚ್ಚಿದರೆ ಹೆದರಿ ಅತ್ತು ಮತ್ತೆ ವಾಂತಿ ಮಾಡಬಹುದು. ಒಂದು ವೇಳೆ ಇವಳಿಗೂ ಹಾಗೇ ಆದರೆ ನಾವು ಇಲ್ಲೇ ಇದ್ದೇವೆ, ಇವಳಿಗೂ ಹಾಕುತ್ತೇವೆ.” ತಾಯಿ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಆದರೆ ಸಿರಿಂಜನ್ನು ಸಿಸ್ಟರ್ ಕೈಯಿಂದ ತಾವೇ ತೆಗೆದುಕೊಂಡು ಕುಡಿಸಲು ಕೂತರು. ನನಗೆ ಬೇಕಾಗಿದ್ದದ್ದು ಅದೇ.

ಅಕ್ಕ ಮೊದಲ ಗಂಟೆಯಲ್ಲಿ ಒಮ್ಮೆ ಸ್ವಲ್ಪ ಕಕ್ಕಿದಳು. ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿದೆವು. ಆಮೇಲೆ ವಾಂತಿ ಆಗಲಿಲ್ಲ. ಎರಡನೇ ಗಂಟೆಗೆ 10 ಮಿ.ಲೀ. ಮಾಡಿದೆವು, ನಂತರ ಪುಟ್ಟ ಲೋಟ. ಮೂತ್ರ ಬಂತು, ಪರೀಕ್ಷೆಯಲ್ಲಿ ಸೋಂಕಿರಲಿಲ್ಲ. ನಾಲ್ಕು ಗಂಟೆಯಾದ ಮೇಲೆ ಮನೆಗೆ ಹೋಗುವಷ್ಟು ಗೆಲುವಾಗಿದ್ದಳು. ಹೊರಡುವ ಹೊತ್ತಿಗೆ ಅವಳಿಗೂ ಭೇದಿ ಶುರುವಾಗಿತ್ತು. ಅದು ಈ ಸೋಂಕಿನ ಸಹಜ ಹಾದಿ. ಅದರ ಜೊತೆಗೆ ಒಂಡಾನ್‌ಸೆಟ್ರಾನ್ ಪಡೆದ ಮಕ್ಕಳಲ್ಲಿ ಭೇದಿ ಸ್ವಲ್ಪ ಜಾಸ್ತಿಯಾಗುವುದು ಅಧ್ಯಯನಗಳಲ್ಲೂ ಕಂಡಿದೆ. ತಾಯಿಗೆ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.

ತಮ್ಮ ಆ ರಾತ್ರಿ ಆಸ್ಪತ್ರೆಯಲ್ಲೇ ಉಳಿದ. ಇಂಜೆಕ್ಷನ್ ಆಗಿ ಒಂದು ಗಂಟೆಗೆ ಕಣ್ಣು ಬಿಟ್ಟು ಎದೆಹಾಲಿಗೆ ಹುಡುಕಾಡಿದ. ಕುಡಿಸಿ ಅಂದೆವು. ಸಕ್ಕರೆ 88ಕ್ಕೆ ಬಂದಿತ್ತು. ಡ್ರಿಪ್ಪಿನಲ್ಲಿ ಪೊಟ್ಯಾಸಿಯಂ ಸೇರಿಸಿದೆವು. ಎರಡನೇ ಇಂಜೆಕ್ಷನ್ ಬೇಕಾಗಲಿಲ್ಲ. ಮಾರನೇ ದಿನ ಬೆಳಗ್ಗೆ ಕ್ಯಾನುಲಾ ಇದ್ದಂತೆಯೇ ಬಾಯಲ್ಲಿ ಓಆರ್‌ಎಸ್ ಶುರುಮಾಡಿ, ಮಧ್ಯಾಹ್ನ ಕ್ಯಾನುಲಾ ತೆಗೆದೆವು.

ಮನೆಗೆ ಕೊಡುವ ಡೋಸಿನ ಪ್ರಶ್ನೆ ಕೊನೆಗೆ ಉಳಿದಿತ್ತು. ಬಹಳ ಕಾಲ ನಾವು ಆಸ್ಪತ್ರೆಯಲ್ಲಿ ಒಂದು ಡೋಸ್ ಕೊಟ್ಟು ಕಳಿಸುತ್ತಿದ್ದೆವು, ಅಷ್ಟೇ. 2025ರಲ್ಲಿ ಕೆನಡಾದ ಆರು ಮಕ್ಕಳ ತುರ್ತು ಘಟಕಗಳಿಂದ ಒಂದು ಅಧ್ಯಯನ ಬಂತು. ಸಾವಿರಕ್ಕೂ ಹೆಚ್ಚು ಮಕ್ಕಳು. ಮನೆಗೆ ಹೋಗುವಾಗ ಆರು ಡೋಸ್ ಕೈಗೆ ಕೊಟ್ಟು, ಮೊದಲ 48 ಗಂಟೆಯಲ್ಲಿ ವಾಂತಿ ಮರುಕಳಿಸಿದರೆ ಮಾತ್ರ ಕೊಡಿ ಎಂದು ಹೇಳಿ ಕಳಿಸಿದರು. ಮುಂದಿನ ಏಳು ದಿನದಲ್ಲಿ ಕಾಯಿಲೆ ಮಧ್ಯಮ ಅಥವಾ ತೀವ್ರ ಮಟ್ಟಕ್ಕೆ ಹೋದವರು ಔಷಧದ ಗುಂಪಿನಲ್ಲಿ ನೂರಕ್ಕೆ 5.1, ಔಷಧವಿಲ್ಲದ ಗುಂಪಿನಲ್ಲಿ 12.5. ಇದನ್ನು ನೋಡಿದ ಮೇಲೆ, ಪರೀಕ್ಷೆ ಮಾಡಿ ಹೊಟ್ಟೆಯ ಸೋಂಕೇ ಎಂದು ಖಚಿತವಾದ ಮಗುವಿಗೆ ಕೆಲವು ಡೋಸ್ ಮನೆಗೆ ಕೊಡುವುದು ಸರಿ ಅನ್ನುವುದು ನನ್ನ ಅಭಿಪ್ರಾಯ. ಅಕ್ಕನಿಗೆ ಕೆಲವು ಕರಗುವ ಮಾತ್ರೆ ಕೊಟ್ಟೆವು. ವಾಂತಿಯಾದರೆ ಮಾತ್ರ ಒಂದು, ಎಂಟು ಗಂಟೆಯೊಳಗೆ ಇನ್ನೊಂದು ಇಲ್ಲ, ಎರಡು ದಿನ ದಾಟಿದ ಮೇಲೆ ಇಲ್ಲ, ತಮ್ಮನಿಗೆ ಇದರಲ್ಲಿ ಮುರಿದು ಕೊಡಬಾರದು ಅಂತ ಬರೆದುಕೊಟ್ಟೆವು.

ಆ ಚೀಟಿಯ ಕೆಳಗೆ ಸಿಸ್ಟರ್ ಕೆಂಪು ಶಾಯಿಯಲ್ಲಿ ಇನ್ನೆರಡು ಸಾಲು ಸೇರಿಸಿದರು. ವಾಂತಿ ಹಸಿರಾದರೆ, ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, ಮಗು ತೂಗಡಿಸಿ ಎಬ್ಬಿಸಿದರೂ ಏಳದಿದ್ದರೆ, ಎಂಟು ಗಂಟೆ ಮೂತ್ರ ಬಾರದಿದ್ದರೆ ಮಾತ್ರೆ ಕೊಟ್ಟು ಕಾಯಬೇಡಿ. ತಕ್ಷಣ ಕರೆದುಕೊಂಡು ಬನ್ನಿ.